ಗುದನಾಳದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೂ ಮುಂಚಿನ ಆ ತಿಂಗಳುಗಳು

ಗುದನಾಳದ ಗಡ್ಡೆಯ ಮೊದಲ ಸುಳಿವು ನನಗೆ ಇಂದಿಗೂ ಸಿಗುವುದು ಕೈಗವಸು ತೊಟ್ಟ ತೋರುಬೆರಳಿನಿಂದಲೇ. ಗಡ್ಡೆ ಎಷ್ಟು ಮೇಲಿದೆ, ಅಲುಗಾಡುತ್ತದೆಯೇ ಅಥವಾ ಅಂಟಿಕೊಂಡು ಕೂತಿದೆಯೇ, ಮಲವನ್ನು ಹಿಡಿದಿಡುವ ಸ್ನಾಯುವನ್ನು ಮುಟ್ಟಿದೆಯೇ ಎಂಬುದು ಅಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ. ಆಮೇಲೆ ಎಂಆರ್‌ಐ. ಅದರಲ್ಲಿ ನಾನು ಹುಡುಕುವುದು ಒಂದು ತೆಳುವಾದ ಕಪ್ಪು ಗೆರೆಯನ್ನು. ಗುದನಾಳ, ಸುತ್ತಲಿನ ಕೊಬ್ಬು, ದುಗ್ಧಗ್ರಂಥಿಗಳು ಎಲ್ಲವನ್ನೂ ಸುತ್ತಿಕೊಂಡಿರುವ ಪೊರೆ ಅದು. ಆಪರೇಷನ್ನಿನಲ್ಲಿ ಆ ಪೊರೆಯ ಹೊರಮೈ ಹಿಡಿದೇ ನಾವು ಬಿಡಿಸುತ್ತಾ ಹೋಗುತ್ತೇವೆ. ಗಡ್ಡೆ ಅದರಿಂದ ಒಂದು ಮಿಲಿಮೀಟರ್ ಒಳಗಿನ ಅಂತರಕ್ಕೆ ಬಂದಿದ್ದರೆ ನಾನು ನೇರವಾಗಿ ಶಸ್ತ್ರ ಕೈಗೆತ್ತಿಕೊಳ್ಳುವುದಿಲ್ಲ.

ಕೀಮೊ ಮತ್ತು ವಿಕಿರಣ ತಜ್ಞರೊಂದಿಗೆ ಒಂದೇ ಪರದೆಯ ಮುಂದೆ ಕೂತು ಕ್ರಮ ನಿಶ್ಚಯಿಸುತ್ತೇವೆ. 2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಕೀಮೊ ಮತ್ತು ವಿಕಿರಣವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಪಡೆದವರ ಪೈಕಿ 5 ವರ್ಷಗಳಲ್ಲಿ ಶೇ 6ರಷ್ಟು ಮಂದಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿತು. ನಂತರ ಪಡೆದವರಲ್ಲಿ ಶೇ 13. ಒಟ್ಟಾರೆ ಬದುಕುಳಿಯುವ ಪ್ರಮಾಣ ಬದಲಾಗಲಿಲ್ಲ ಎಂಬುದನ್ನೂ ರೋಗಿಗೆ ಹೇಳುತ್ತೇನೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ ವಿಕಿರಣ, ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕೀಮೊ ಮಾತ್ರೆ. ಮೂತ್ರಕೋಶ ತುಂಬಿಸಿಕೊಂಡು ಮಲಗಲು ಹೇಳುತ್ತಾರೆ, ಆಗ ಸಣ್ಣಕರುಳು ಮೇಲಕ್ಕೆ ಸರಿದು ಕಿರಣಗಳಿಂದ ಪಾರಾಗುತ್ತದೆ. ಉಳಿದ ಕೀಮೊವನ್ನೂ ಈಗ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಮುಗಿಸುತ್ತೇವೆ. ದೊಡ್ಡ ಆಪರೇಷನ್ ಆದ ಮೇಲೆ ಅದನ್ನು ಪೂರ್ತಿ ತಡೆದುಕೊಳ್ಳುವ ಶಕ್ತಿ ಹಲವರಿಗೆ ಉಳಿದಿರುವುದಿಲ್ಲ.

ವಿಕಿರಣ ಮುಗಿಯುವ ಹೊತ್ತಿಗೆ ಅನೇಕರಿಗೆ ರಕ್ತ ಹೋಗುವುದು ನಿಂತಿರುತ್ತದೆ. "ಡಾಕ್ಟರೇ, ಎಲ್ಲ ಸರಿಹೋಗಿದೆಯಲ್ಲ, ಇನ್ನು ಆಪರೇಷನ್ ಯಾಕೆ?" ಎಂದು ಕೇಳುತ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ: ಕ್ಯಾನ್ಸರ್ ಒಳಗಿರುವಾಗ ಎಂಟು ಹತ್ತು ವಾರ ಸುಮ್ಮನೆ ಕೂರುವುದು ಹೇಗೆ ಎಂದು ನಿದ್ದೆಗೆಡುತ್ತಾರೆ. ಇಬ್ಬರಿಗೂ ನಾನು ವಿವರಿಸುವುದು ಒಂದನ್ನೇ. ಏಟು ತಿಂದ ಕೋಶ ಕೂಡಲೇ ಸಾಯುವುದಿಲ್ಲ. ಮುಂದೆ ವಿಭಜನೆಗೆ ಹೊರಟಾಗ ಸಾಯುತ್ತದೆ. ಹಾಗಾಗಿ ಕಿರಣ ನಿಂತ ಮೇಲೂ ಗಡ್ಡೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಆ ಬಿಡುವು ಚಿಕಿತ್ಸೆಯ ಭಾಗವೇ.

ಅದು ಮುಗಿದ ಮೇಲೆ ಮತ್ತೆ ಬೆರಳು, ಎಂಡೊಸ್ಕೋಪಿ, ಎಂಆರ್‌ಐ. ಕೆಲವರಲ್ಲಿ ಗಡ್ಡೆಯ ಜಾಗದಲ್ಲಿ ನುಣುಪಾದ ಬಿಳಿ ಕಲೆಯಷ್ಟೇ ಕಾಣುತ್ತದೆ. ಅಂಥವರನ್ನು ಆಪರೇಷನ್ ಇಲ್ಲದೆ ಕಾದು ನೋಡುವ ದಾರಿಯನ್ನು ಬ್ರೆಜಿಲ್‌ನ ಶಸ್ತ್ರವೈದ್ಯೆ ಏಂಜೆಲಿಟಾ ಹಬ್ರ್‌-ಗಾಮಾ ತೋರಿಸಿಕೊಟ್ಟರು. ಆದರೆ ಗಡ್ಡೆ ಮತ್ತೆ ಚಿಗುರುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬರಲಾಗದವರಿಗೆ ಈ ದಾರಿಯನ್ನು ನಾನು ಸೂಚಿಸುವುದೇ ಇಲ್ಲ.

ಉಳಿದವರಿಗೆ ಶಸ್ತ್ರಚಿಕಿತ್ಸೆ. ಹಿಂದಿನ ದಿನ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಹೊಟ್ಟೆಯ ಮಡಿಕೆಗೆ ಸಿಗದ, ಅವರ ಕಣ್ಣಿಗೆ ಕಾಣುವ ಜಾಗದಲ್ಲಿ ಸ್ಟೋಮಾಕ್ಕೆ, ಅಂದರೆ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಸಂಗ್ರಹಿಸುವ ಚೀಲ ಅಂಟಿಸುವ ಬಾಯಿಗೆ, ಗುರುತು ಹಾಕುತ್ತೇವೆ. ಗಡ್ಡೆಯ ಭಾಗ ತೆಗೆದು ಕರುಳನ್ನು ಮತ್ತೆ ಜೋಡಿಸಿದವರಿಗೆ ಚೀಲ ಬಹುತೇಕ ತಾತ್ಕಾಲಿಕ. ಅದು ಹೋದ ಮೇಲೂ ತಿಂಗಳುಗಟ್ಟಲೆ ಪದೇಪದೇ ಮಲಕ್ಕೆ ಹೋಗಬೇಕಾಗಬಹುದು, ತಡೆದುಕೊಳ್ಳಲು ಕಷ್ಟವಾಗಬಹುದು ಎಂಬುದನ್ನು ಮನೆಯವರ ಎದುರಿಗೇ, ಅದೇ ದಿನ ಹೇಳಿಬಿಡುತ್ತೇನೆ.