ಮೆತ್ತನೆಯ ಪ್ಯಾಡೆಲ್ ರ‍್ಯಾಕೆಟ್ ಬೇಕಿದ್ದರೆ ಹೊರಮೈಯನ್ನೂ ವಿಚಾರಿಸಿ
ಗೋಡೆಗಳಿಂದ ಸುತ್ತುವರಿದ ಅಂಗಳದಲ್ಲಿ ಆಡುವ, ಟೆನಿಸ್‌ನಂಥ ಆಟವಾದ ಪ್ಯಾಡೆಲ್‌ನಲ್ಲಿ ಆರಂಭದ ಹಂತ ದಾಟಿ ಮೆತ್ತನೆಯ ರ‍್ಯಾಕೆಟ್ ಹುಡುಕುತ್ತಿರುವವರು ಬರೀ ‘ಸಾಫ್ಟ್’ ಎಂಬ ಬರಹ ನೋಡಿ ಕೊಳ್ಳಬೇಡಿ. ಒಳಗೆ ಸಾಫ್ಟ್ ಇವಿಎ (ಒಂದು ಬಗೆಯ ಫೋಮ್), ಹೊರಗೆ ಫೈಬರ್‌ಗ್ಲಾಸ್, ಎರಡೂ ಇರುವುದನ್ನೇ ಕೇಳಿ. ಚೆಂಡಿನ ಏಟಿಗೆ ಹೊರಮೈ ಬಾಗಿದರೆ ತಾನೇ ಒಳಗಿನ ಫೋಮ್ ಅದುಮಿಕೊಳ್ಳುವುದು? ಮೇಲೆ ಗಡಸು ಕಾರ್ಬನ್ ಇದ್ದರೆ ಆ ಮೆತ್ತನೆ ಕೈಗೆ ಸರಿಯಾಗಿ ತಿಳಿಯುವುದೇ ಇಲ್ಲ. ಕಾರ್ಬನ್ ರ‍್ಯಾಕೆಟ್‌ಗಳ ಮೇಲಿನ 3ಕೆ, 12ಕೆ, 18ಕೆ ಅಂಕಿಗಳಿಂದ ಗಡಸುತನ ಅಳೆಯಲೂ ಆಗದು: ಅವು ಕಾರ್ಬನ್ನಿನ ಒಂದು ಎಳೆಯಲ್ಲಿ ಎಷ್ಟು ಸಾವಿರ ನಾರುಗಳಿವೆ ಎಂದು ಹೇಳುತ್ತವೆ, ಅಷ್ಟೇ. ಪದರಗಳೆಷ್ಟು, ನಾರುಗಳನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಎಂಥದ್ದು ಎಂಬುದೂ ಮುಖ್ಯ. ದುಂಡು ಅಥವಾ ಹನಿಯಾಕಾರದ ತಲೆ, 355ರಿಂದ 365 ಗ್ರಾಂ ತೂಕ ಬಹುತೇಕರಿಗೆ ಸಾಕು. ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ಪಟ್ಟಿ) ಸುತ್ತಿದ ಮೇಲೆ ತೂಗಿ. ಕೊಳ್ಳುವ ಮುನ್ನ ಕೋರ್ಟಿನ ಹಿಂಬದಿಯಿಂದ ಅರ್ಧ ಬೀಸಿನಲ್ಲಿ ಲಾಬ್ (ಎತ್ತರಕ್ಕೆ ಎತ್ತುವ ಹೊಡೆತ) ಹೊಡೆದು ನೋಡಿ. ಚೆಂಡು ಸಲೀಸಾಗಿ ಎದುರಿನ ಹಿಂಗೋಡೆಯ ಹತ್ತಿರ ಬೀಳುತ್ತಿದ್ದರೆ ಆಯ್ಕೆ ಸರಿ. ನೆಟ್ ಬಳಿ ವಾಲಿಗಳು (ಚೆಂಡು ನೆಲ ಮುಟ್ಟುವ ಮುನ್ನ ಹೊಡೆದವು) ಉದ್ದ ಹೋಗುತ್ತಿದ್ದರೆ ಅದು ನಿಮಗೆ ಅತಿ ಮೆತ್ತಗಾಯಿತು. ಮೀಡಿಯಂ ಇವಿಎಗೆ ಬನ್ನಿ. ಜೋರು ಸ್ಮ್ಯಾಶನ್ನೇ ನೆಚ್ಚಿ ಆಡುವವರಿಗೆ ಈ ಸಲಹೆ ಹೊಂದುವುದಿಲ್ಲ, ಪೂರ್ತಿ ಬೀಸಿದಾಗ ಮೆತ್ತನೆಯ ಫೋಮ್ ಬಲವನ್ನು ನುಂಗುತ್ತದೆ. ಬಿಸಿಗೆ ಇವಿಎ ಇನ್ನಷ್ಟು ಮೆತ್ತಗಾಗುವುದರಿಂದ ನಡು ಮಧ್ಯಾಹ್ನ ಆಡುವವರು ಅದೇ ಹೊತ್ತಿನಲ್ಲಿ ಪರೀಕ್ಷಿಸಿ, ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ರ‍್ಯಾಕೆಟ್ ಬಿಡಲೇಬೇಡಿ.