ಎತ್ತರದ ಕೊಟ್ಟಿಗೆಯಲ್ಲಿ ಸಗಣಿ ಹಿಡಿದು ಕಲಿತದ್ದು

ಆ ಕಡಸಿಗೆ ನಾನು ನಾಲ್ಕು ದಿನ ಭೇದಿಗೆಂದು ಔಷಧ ಕೊಟ್ಟೆ. ಹದಿನಾಲ್ಕು ತಿಂಗಳ ಹೋಲ್‌ಸ್ಟೀನ್ ಕಡಸು. ಬಯಲುಸೀಮೆಯಿಂದ ಸುಮಾರು 2,300 ಮೀಟರ್ ಎತ್ತರದ ಡೈರಿಗೆ ಬಂದು ಆರು ವಾರವಾಗಿತ್ತು. ಸಗಣಿ ನೀರಾಗಿತ್ತು, ಮೇವು ಬಿಟ್ಟಿತ್ತು, ಹಿಂಡಿನಿಂದ ದೂರ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಜಾಗ ಬದಲು, ಮೇವು ಬದಲು, ಅದಕ್ಕೇ ಹೊಟ್ಟೆ ಕೆಟ್ಟಿದೆ ಎಂದುಕೊಂಡೆ. ಆ್ಯಂಟಿಬಯಾಟಿಕ್ ಕೊಟ್ಟೆ, ಸಲೈನ್ ಹಾಕಿದೆ. ಐದನೆಯ ಬೆಳಿಗ್ಗೆ ಕೊಟ್ಟಿಗೆ ತೊಳೆಯುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಡಾಕ್ಟ್ರೇ, ಇಲ್ಲಿ ಬನ್ನಿ. ಇದರ ಗಂಗೆದೊಗಲು ನೋಡಿ, ನಿನ್ನೆ ಹಿಂಗಿರ್ಲಿಲ್ಲ."

ಕತ್ತಿನ ಕೆಳಗೆ ಜೋಲುವ ಆ ತೊಗಲನ್ನು ಬೆರಳಿನಿಂದ ಒತ್ತಿದೆ. ಕಲಸಿದ ಹಿಟ್ಟಿನಲ್ಲಿ ಒತ್ತಿದಂತೆ ಗುಳಿ ಬಿತ್ತು, ಬಿದ್ದ ಗುಳಿ ಹಾಗೇ ಉಳಿಯಿತು. ಕುತ್ತಿಗೆಯ ಪಕ್ಕದ ರಕ್ತನಾಳ ದವಡೆಯವರೆಗೂ ಹಗ್ಗದಂತೆ ಉಬ್ಬಿ ಮಿಡಿಯುತ್ತಿತ್ತು. ಹೃದಯ ಸೋಲುತ್ತಿತ್ತು, ನಾನು ಹೊಟ್ಟೆಗೆ ಔಷಧ ಹಾಕುತ್ತಿದ್ದೆ. ಸರಿಯಾಗಿ ಪರೀಕ್ಷೆ ಮಾಡೋಣವೆಂದು, ದನ ಅಲುಗದಂತೆ ನಿಲ್ಲಿಸುವ ಕಟಕಟೆಗೆ ಓಡಿಸಿದ್ದು ನನ್ನ ಎರಡನೆಯ ತಪ್ಪು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನಾಲಿಗೆ ಹೊರಚಾಚಿ ಕುಸಿಯಿತು, ಮತ್ತೆ ಏಳಲಿಲ್ಲ.

ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೃದಯದ ತುದಿ ಚೂಪಾಗಿರಬೇಕು. ಬಲಗೋಣೆ ಹಿಗ್ಗಿ ಅದು ಚೆಂಡಿನಂತೆ ದುಂಡಗಾಗಿತ್ತು. ಯಕೃತ್ತನ್ನು ಕೊಯ್ದರೆ ಒಳಗೆ ಕತ್ತರಿಸಿದ ಜಾಯಿಕಾಯಿಯಂತೆ ಕಪ್ಪುಗೆಂಪು, ತಿಳಿಕಂದು ಗೆರೆಗಳು. ಹೊಟ್ಟೆಯೊಳಗೆ ತಿಳಿಹಳದಿ ನೀರು. ನಾನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ನಿಂತದ್ದು ಕರುಳನ್ನು. ಅದರ ಗೋಡೆ ನೀರು ಕುಡಿದ ಕಂಬಳಿಯಂತೆ ದಪ್ಪಗಾಗಿತ್ತು. ಭೇದಿ ಎಲ್ಲಿಂದ ಬಂದಿತ್ತೆಂದು ಆಗ ಗೊತ್ತಾಯಿತು.

1915ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಗ್ಲೋವರ್ ಮತ್ತು ನ್ಯೂಸಮ್ ಎಂಬಿಬ್ಬರು ಎತ್ತರದ ಜಾಗದಲ್ಲಿ ದನಕ್ಕೆ ಬರುವ ಈ ಹೃದಯದ ಕಾಯಿಲೆಯನ್ನು ಮೊದಲು ವಿವರವಾಗಿ ದಾಖಲಿಸಿದರು. ಬ್ರಿಸ್ಕೆಟ್, ಅಂದರೆ ಎದೆಯ ಮುಂಭಾಗ, ಊದುವುದರಿಂದ ಬ್ರಿಸ್ಕೆಟ್ ಡಿಸೀಸ್ ಎಂಬ ಹೆಸರು ಬಂತು. ಸಾಮಾನ್ಯವಾಗಿ 1,500 ಮೀಟರಿಗಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಡೈರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲು ಭಾಗದಷ್ಟು ಕಡಿಮೆ, ಹಾಗಾಗಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟು ಕಡಿಮೆ. ಆಮ್ಲಜನಕ ಕಡಿಮೆಯಾದ ಕಡೆ ಶ್ವಾಸಕೋಶದ ಸಣ್ಣ ಅಪಧಮನಿಗಳು ಬಿಗಿದುಕೊಳ್ಳುತ್ತವೆ. ಶ್ವಾಸಕೋಶದ ಒಂದು ಮೂಲೆಯಲ್ಲಿ ಮಾತ್ರ ತೊಂದರೆಯಿದ್ದರೆ ಇದು ಒಳ್ಳೆಯದೇ, ರಕ್ತ ಚೆನ್ನಾಗಿರುವ ಕಡೆಗೆ ತಿರುಗುತ್ತದೆ. ಬೆಟ್ಟದ ಮೇಲೆ ಇಡೀ ಶ್ವಾಸಕೋಶಕ್ಕೇ ಕೊರತೆ, ಎಲ್ಲ ನಾಳಗಳೂ ಒಟ್ಟಿಗೆ ಬಿಗಿಯುತ್ತವೆ. ದನದಲ್ಲಿ ಈ ನಾಳಗಳ ಗೋಡೆಯ ಸ್ನಾಯು ಮೊದಲೇ ದಪ್ಪ, ಒಂದು ಭಾಗಕ್ಕೆ ಗಾಳಿ ಸಾಲದಿದ್ದರೆ ಪಕ್ಕದ ಭಾಗದಿಂದ ಪಡೆಯುವ ದಾರಿಯೂ ಇಲ್ಲವೆನ್ನುವಷ್ಟು ಕಡಿಮೆ. ಬಿಗಿದ ನಾಳಗಳ ವಿರುದ್ಧ ರಕ್ತ ತಳ್ಳಿ ತಳ್ಳಿ ಹೃದಯದ ಬಲಗೋಣೆ ಮೊದಲು ದಪ್ಪವಾಗುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ. ರಕ್ತ ಹಿಂದಕ್ಕೆ ಒತ್ತಿಕೊಂಡು ಯಕೃತ್ತು, ಕರುಳು, ಗಂಗೆದೊಗಲು ಎಲ್ಲ ಕಡೆ ನೀರು ಜಿನುಗುತ್ತದೆ.

ಅಂದಿನಿಂದ ಭೇದಿಯ ಕಡಸು ಬಂದರೆ ಬಾಲ ಎತ್ತುವ ಮೊದಲು ಕುತ್ತಿಗೆ ನೋಡುತ್ತೇನೆ. ನಾಳ ಉಬ್ಬಿದೆಯೆಂದ ಮಾತ್ರಕ್ಕೆ ಎತ್ತರದ ಕಾಯಿಲೆಯೇ ಎಂದೂ ಹೇಳಲಾಗದು. ಮೊಳೆ, ತಂತಿ ನುಂಗಿ ಅದು ಹೃದಯದ ಚೀಲಕ್ಕೆ ಚುಚ್ಚಿದರೂ ಹೀಗೇ ಊದುತ್ತದೆ. ಅದರಲ್ಲಿ ಸಾಮಾನ್ಯವಾಗಿ ಜ್ವರವಿರುತ್ತದೆ, ಹೃದಯದ ಸದ್ದು ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಭುಜದ ಮೇಲೆ ಚಿವುಟಿದರೆ ಬೆನ್ನು ತಗ್ಗಿಸಲು ಒಪ್ಪುವುದಿಲ್ಲ. ಯಕೃತ್ತಿನ ಹುಳುವಿಗೂ ದವಡೆ ಕೆಳಗೆ ಬಾವು ಬರುತ್ತದೆ, ಆದರೆ ಕುತ್ತಿಗೆಯ ನಾಳ ಉಬ್ಬುವುದಿಲ್ಲ. ಮೇವಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧದ ಪ್ರಮಾಣ ತಪ್ಪಿದರೂ ಹೃದಯದ ಸ್ನಾಯು ಹಾಳಾಗಿ ಇದೇ ಚಿತ್ರ ಮೂಡುತ್ತದೆ, ಆದ್ದರಿಂದ ಮೇವು ಬೆರೆಸಿದ ಲೆಕ್ಕದ ಪುಸ್ತಕವನ್ನೂ ಕೇಳಿ ನೋಡುತ್ತೇನೆ.

ಸಾಯುವ ಮೊದಲೇ ಗುರುತಿಸುವ ದಾರಿ ಎಂದರೆ ಶ್ವಾಸಕೋಶದ ಅಪಧಮನಿಯ ಒತ್ತಡ ಅಳೆಯುವುದು. ಕುತ್ತಿಗೆಯ ನಾಳಕ್ಕೆ ದಪ್ಪ ಸೂಜಿ ಹಾಕಿ, ಅದರೊಳಗಿಂದ ತೆಳು ನಳಿಕೆಯನ್ನು ಹೃದಯದ ಬಲಭಾಗದ ಮೂಲಕ ಶ್ವಾಸಕೋಶದ ಅಪಧಮನಿಗೆ ತಲುಪಿಸಬೇಕು. ಎಲ್ಲಿದ್ದೇನೆಂದು ಹೇಳುವುದು ಮಾನಿಟರಿನ ಅಲೆ ಮಾತ್ರ. ಬಲಗೋಣೆಯಲ್ಲಿ ಅಲೆ ಎತ್ತರಕ್ಕೆ ಹಾರಿ ಪ್ರತಿಸಲ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಕವಾಟ ದಾಟಿದ ಕ್ಷಣ ಅಲೆಯ ತಳ ಥಟ್ಟನೆ ಮೇಲೇಳುತ್ತದೆ, ಇಳಿಜಾರಿನಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತದೆ. ಆ ಕಚ್ಚು ಕಂಡ ಮೇಲೆ ಅಂಕಿ ಬರೆದುಕೊಳ್ಳುತ್ತೇನೆ. ಸರಾಸರಿ 41 ಮಿ.ಮೀ. ಪಾದರಸಕ್ಕಿಂತ ಕಡಿಮೆಯಿದ್ದರೆ ನೆಮ್ಮದಿ. 49 ದಾಟಿದರೆ ಅಪಾಯ, ಅಂಥದನ್ನು ಎತ್ತರದಲ್ಲಿ ಇಟ್ಟುಕೊಳ್ಳಬಾರದು. ಬೆಟ್ಟ ಹತ್ತಿ ಮೂರು ವಾರವಾದರೂ ಆಗಿರಬೇಕು, ಇಲ್ಲದಿದ್ದರೆ ಆ ಅಂಕಿಯನ್ನು ನಂಬಲಾಗದು. ಈ ಒತ್ತಡ ಸ್ವಲ್ಪಮಟ್ಟಿಗೆ ವಂಶದಿಂದಲೂ ಬರುತ್ತದೆ, ಹಾಗಾಗಿ ತಳಿ ಆರಿಸುವವರಿಗೂ ಈ ಅಂಕಿ ಬೇಕು.

ಹೊಟ್ಟೆಯ ಸೂಕ್ಷ್ಮಜೀವಿಗಳ ಕಡೆ ನನ್ನ ಗಮನ ಹೋದದ್ದು ಆ ನೆನೆದ ಕರುಳಿನಿಂದಲೇ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ದೊಡ್ಡಹೊಟ್ಟೆಯ (ಮೇವು ಮೊದಲು ಸೇರುವ ಹೊಟ್ಟೆ, ರೂಮೆನ್) ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ತಯಾರಿಸುವ ಕೊಬ್ಬಿನಾಮ್ಲಗಳಿಂದ ಬರುತ್ತದೆ. ಅವುಗಳ ಮನೆಗೇ ರಕ್ತ ಕಟ್ಟಿಕೊಂಡು ನೀರು ತುಂಬಿದರೆ ಅವು ಮೊದಲಿನಂತೆ ಇರಲು ಹೇಗೆ ಸಾಧ್ಯ? ಅಥವಾ ಅವೇ ಮೊದಲು ಬದಲಾಗಿ ಕಾಯಿಲೆಗೆ ದಾರಿ ಮಾಡುತ್ತವೆಯೋ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಗೆ ಬಲ ಕೊಟ್ಟಿತು. ಟಿಬೆಟ್ ಪ್ರಸ್ಥಭೂಮಿಯ ಯಾಕ್ ಮತ್ತು ಟಿಬೆಟಿಯನ್ ಕುರಿಗಳ ದೊಡ್ಡಹೊಟ್ಟೆ, ಬಯಲಿನ ದನ ಕುರಿಗಳದ್ದಕ್ಕೆ ಹೋಲಿಸಿದರೆ, ಮೀಥೇನ್ ಕಡಿಮೆ ಬಿಟ್ಟು ಕೊಬ್ಬಿನಾಮ್ಲ ಹೆಚ್ಚು ಕೊಡುತ್ತದೆ ಎಂದು ಅದು ತೋರಿಸಿತು. ತೆಳು ಗಾಳಿ, ಬಡ ಮೇವಿನ ನಾಡಿನಲ್ಲಿ ಅದು ದೊಡ್ಡ ಉಳಿತಾಯ. ಯಾಕ್‌ನ ಶ್ವಾಸಕೋಶದ ನಾಳಗಳೂ ತೆಳುಗೋಡೆಯವು, ದನದಷ್ಟು ಬಿಗಿಯುವುದಿಲ್ಲ.

ಹೊಟ್ಟೆಯ ಜೀವಿಗಳು ಶ್ವಾಸಕೋಶವನ್ನು ಮುಟ್ಟಬಲ್ಲವು ಎಂಬುದಕ್ಕೆ ನಮ್ಮ ವೃತ್ತಿಯಲ್ಲಿ ಹಳೆಯ ಸಾಕ್ಷಿಯೂ ಇದೆ. ಒಣಮೇವಿನಲ್ಲಿದ್ದ ದನವನ್ನು ಏಕಾಏಕಿ ಸೊಂಪಾದ ಹಸಿರಿಗೆ ಬಿಟ್ಟರೆ ದೊಡ್ಡಹೊಟ್ಟೆಯ ಬ್ಯಾಕ್ಟೀರಿಯಾಗಳು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು 3-ಮೀಥೈಲ್‌ಇಂಡೋಲ್ ಆಗಿ ಮಾರ್ಪಡಿಸುತ್ತವೆ. ಅದು ರಕ್ತ ಸೇರಿ ಶ್ವಾಸಕೋಶವನ್ನು ಸುಡುತ್ತದೆ, ದನ ಏದುಸಿರಿನಲ್ಲಿ ಸಾಯುತ್ತದೆ. ಇದು ಬೇರೆಯೇ ಕಾಯಿಲೆ. ಆದರೂ ಹೊಸ ಜಾಗಕ್ಕೆ ಬಂದ ಕಡಸಿಗೆ ಉಸಿರಾಟ ಕಷ್ಟವಾದರೆ ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮಾದರಿ ತೆಗೆಯಲು ಶುರು ಮಾಡಿದ ಮೊದಲ ಸಲ ಕೆಲಸವೆಲ್ಲ ವ್ಯರ್ಥವಾಯಿತು. ಕಾಯಿಲೆಯವುಗಳ ಸಗಣಿ ಒಂದು ಕಡೆ, ಆರೋಗ್ಯದವುಗಳದ್ದು ಇನ್ನೊಂದು ಕಡೆ ಇಟ್ಟು ಅದರಲ್ಲಿನ ಸೂಕ್ಷ್ಮಜೀವಿಗಳ ಡಿಎನ್‌ಎ ಓದಿಸಿದೆ. ಎರಡು ಗುಂಪು ಎಣ್ಣೆ ನೀರಿನಂತೆ ಬೇರೆಯಾದವು. ಖುಷಿಯಿಂದ ಚಿಕಿತ್ಸೆಯ ದಾಖಲೆ ತೆರೆದೆ. ಕಾಯಿಲೆಯವು ಅರ್ಧ ಮೇವೂ ತಿನ್ನುತ್ತಿರಲಿಲ್ಲ. ಅವಕ್ಕೆ ನಾನೇ ಆ್ಯಂಟಿಬಯಾಟಿಕ್ ಕೊಟ್ಟಿದ್ದೆ. ಬೇರೆ ಕಟ್ಟೆಯಲ್ಲಿ ಕಟ್ಟಿ ಒಣಹುಲ್ಲು ಮಾತ್ರ ಹಾಕಿಸಿದ್ದೆ. ಈ ಮೂರರಲ್ಲಿ ಯಾವುದೊಂದಾದರೂ ಸೂಕ್ಷ್ಮಜೀವಿಗಳನ್ನು ಅಡಿಮೇಲು ಮಾಡಲು ಸಾಕು. ನಾನು ನೋಡಿದ್ದು ಕಾಯಿಲೆಯನ್ನಲ್ಲ, ನನ್ನ ಚಿಕಿತ್ಸೆಯನ್ನು.

ಎರಡನೆಯ ಸಲ ಒಂದೇ ತಂಡದ ಕಡಸುಗಳು, ಒಂದೇ ಮೇವು. ಪ್ರತಿಯೊಂದಕ್ಕೂ ಅದರದೇ ಹಳೆಯ ಮಾದರಿ ಅಳತೆಗೋಲು. ಬೆಟ್ಟ ಹತ್ತುವ ಮೊದಲು, ಹತ್ತಿದ ವಾರಕ್ಕೆ, ಮೂರು ವಾರಕ್ಕೆ, ಆರು ವಾರಕ್ಕೆ ಸಗಣಿ ತೆಗೆದೆ. ನೆಲದಿಂದಲ್ಲ, ಪ್ರತಿಸಲ ಹೊಸ ಗ್ಲೌಸ್ ಹಾಕಿ ಗುದದೊಳಗಿಂದಲೇ. ಬೆಳಗಿನ ಮೇವಿಗೆ ಮೊದಲು, ಒಂದೇ ಹೊತ್ತಿಗೆ. ತೆಗೆದ ಕೂಡಲೇ ಐಸಿಗೆ, ಅಲ್ಲಿಂದ ಮೈನಸ್ 80 ಡಿಗ್ರಿ ಫ್ರೀಜರಿಗೆ. ಖಾಲಿ ಟ್ಯೂಬೊಂದನ್ನೂ ಪ್ರತಿಸಲ ಜೊತೆಗೆ ಕಳಿಸುತ್ತಿದ್ದೆ, ಅದರಲ್ಲಿ ಡಿಎನ್‌ಎ ಕಂಡರೆ ಕಲಬೆರಕೆ ಎಂದು ಗೊತ್ತಾಗಲಿ ಅಂತ. ಬಯಲಿನ ಮಾದರಿಗಳನ್ನು ಒಂದು ದಿನ, ಬೆಟ್ಟದವನ್ನು ಇನ್ನೊಂದು ದಿನ ಪರೀಕ್ಷಿಸಬೇಡಿ, ಬೆರೆಸಿ ಹಾಕಿ ಎಂದು ಲ್ಯಾಬಿನವರಿಗೆ ಹೇಳಿದ್ದೆ, ಇಲ್ಲದಿದ್ದರೆ ದಿನದ ವ್ಯತ್ಯಾಸವೇ ಎತ್ತರದ ವ್ಯತ್ಯಾಸದಂತೆ ಕಾಣುತ್ತದೆ. ದೊಡ್ಡಹೊಟ್ಟೆಯ ರಸವನ್ನೂ ಕೆಲವಕ್ಕೆ ಬಾಯಿಯ ನಳಿಕೆಯಿಂದ ತೆಗೆದೆ, ಮೊದಲು ಬಂದದ್ದನ್ನು ಚೆಲ್ಲಿ. ಅದರಲ್ಲಿ ಜೊಲ್ಲೇ ಹೆಚ್ಚಿರುತ್ತದೆ. ಸಗಣಿ ನೋಡಿ ದೊಡ್ಡಹೊಟ್ಟೆಯ ಸ್ಥಿತಿ ಹೇಳಲಾಗದು, ಎರಡೂ ಕಡೆ ಇರುವ ಜೀವಿಗಳು ಬೇರೆ ಬೇರೆ.

ಈ ಸಲ ಚಿತ್ರ ಬೇರೆಯೇ ಇತ್ತು. ಮೊದಲ ಮೂರು ವಾರದಲ್ಲಿ ಎಲ್ಲ ಕಡಸುಗಳ ಸೂಕ್ಷ್ಮಜೀವಿಗಳೂ ಬದಲಾದವು, ಶ್ವಾಸಕೋಶದ ಅಪಧಮನಿಯ ಒತ್ತಡ ಏರಿದವೂ ಏರದವೂ ಒಂದೇ ರೀತಿ. ಬೆಟ್ಟ ಹತ್ತುವ ಮೊದಲಿನ ಮಾದರಿಯಲ್ಲಿ, ಮುಂದೆ ಒತ್ತಡ ಏರಿದವು ಪ್ರತ್ಯೇಕವಾಗಿ ನಿಲ್ಲಲಿಲ್ಲ. ಗಂಗೆದೊಗಲು ಊದಿದ ಮೇಲೆ ತೆಗೆದ ಮಾದರಿ ಮಾತ್ರ ದೂರ ಸರಿದಿತ್ತು. ಹಿಂಡು ಚಿಕ್ಕದು, ಇದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲು ಬರುವುದಿಲ್ಲ. ಕಾಯಿಲೆ ಬಿದ್ದ ಮೇಲೆ ತೆಗೆದ ಸಗಣಿಯಿಂದ ಯಾರಾದರೂ 'ಈ ಬ್ಯಾಕ್ಟೀರಿಯಾವೇ ಕಾರಣ' ಎಂದರೆ ನಾನಂತೂ ಒಪ್ಪುವುದಿಲ್ಲ. ಆ ಆಧಾರದ ಮೇಲೆ ಮಾರುವ ಪುಡಿಯನ್ನು ಕೊಳ್ಳುವುದೂ ಇಲ್ಲ.

ಕೊಟ್ಟಿಗೆಯ ಕೆಲಸದಲ್ಲಿ ಮಾತ್ರ ಕೆಲವು ಬದಲಾವಣೆ ಮಾಡಿದ್ದೇನೆ. ಬಯಲಿನಲ್ಲಿ ತಿನ್ನುತ್ತಿದ್ದ ಮೇವನ್ನೇ ಕಡಸುಗಳ ಜೊತೆ ಲಾರಿಯಲ್ಲಿ ತರಿಸಿ, ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಸ ಮೇವಿಗೆ ಬದಲಿಸುತ್ತೇವೆ. ಎತ್ತರ ಮತ್ತು ಹೊಸ ಮೇವು ಎರಡನ್ನೂ ಒಂದೇ ದಿನ ಹೇರುವುದಿಲ್ಲ. ಕರುವಾಗಿದ್ದಾಗ ನ್ಯುಮೋನಿಯಾ ಬಂದ ದಾಖಲೆ ಇರುವವನ್ನು ಮೇಲಕ್ಕೆ ತರುವುದೇ ಇಲ್ಲ. ಸುಮ್ಮನೆ ಭೇದಿಯಾಯಿತೆಂದು ಆ್ಯಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿದ್ದೇನೆ. ಊತ ಕಂಡ ಪ್ರಾಣಿಗೆ ನೀರು ಇಳಿಸುವ ಫ್ಯೂರೋಸೆಮೈಡ್ ಕೊಟ್ಟು, ಓಡಿಸದೆ, ಕೂಗಾಡದೆ, ಅದರದೇ ನಡಿಗೆಯಲ್ಲಿ ಲಾರಿಯವರೆಗೆ ನಡೆಸಿ ತಗ್ಗಿಗೆ ಇಳಿಸುತ್ತೇವೆ. ಬೇಗ ಗುರುತಿಸಿದವು ಎಷ್ಟೋ ಸಲ ಕೆಳಗೆ ಚೇತರಿಸಿಕೊಂಡಿವೆ, ಆದರೆ ಅವನ್ನು ಮತ್ತೆ ಮೇಲಕ್ಕೆ ತರುವುದಿಲ್ಲ.

ಮುಂದಿನ ತಂಡ ಇನ್ನೂ ಬಯಲಿನಲ್ಲೇ ಇದೆ. ಅವುಗಳ ಮೊದಲ ಮಾದರಿ ನಿನ್ನೆ ಬೆಳಿಗ್ಗೆ ತೆಗೆದೆವು. ಗಂಗೆದೊಗಲು ಮೊದಲು ನೋಡಿದ ಆ ಹಿರಿಯರು ಟ್ಯೂಬ್ ಹಿಡಿದುಕೊಂಡಿದ್ದರು, ನಾನು ಕಿವಿಯೋಲೆಯ ಸಂಖ್ಯೆ ಓದಿ ಹೇಳುತ್ತಿದ್ದೆ. ಪ್ರತಿ ಕಡಸಿನ ಮುಂದೆಯೂ ಅವರು ಒಂದು ಕ್ಷಣ ನಿಂತು, ಕೇಳದೆಯೇ, ಕುತ್ತಿಗೆಯ ನಾಳದ ಮೇಲೆ ಹೆಬ್ಬೆರಳಿಟ್ಟು ನೋಡಿ ಮುಂದಕ್ಕೆ ಹೋಗುತ್ತಿದ್ದರು.