ಕೊಳ್ಳುವ ಮೊದಲು ಖಾಲಿ ಮಾಡಿ: ವಸಂತಕ್ಕೆ ಮನೆಯನ್ನು ಕಡಿಮೆ ಖರ್ಚಿನಲ್ಲಿ ಅಣಿಗೊಳಿಸುವ ಬಗೆ

ಚಳಿಗಾಲವಿಡೀ ಮುಚ್ಚಿಟ್ಟಿದ್ದ ಕಿಟಕಿಯನ್ನು ವಸಂತದ ಮೊದಲ ಬೆಳಗಿನಲ್ಲಿ ತೆರೆದಾಗ ಒಳಗೆ ಬರುವ ಓರೆ ಬಿಸಿಲು, ಕಪಾಟಿನ ಮೇಲಿನ ಧೂಳನ್ನೂ ಮೂಲೆಯ ಜೇಡರ ಬಲೆಯನ್ನೂ ಒಟ್ಟಿಗೇ ತೋರಿಸಿಬಿಡುತ್ತದೆ. ಮನೆಗೆ ಹೊಸ ಕಳೆ ಬರಬೇಕೆಂಬ ಆಸೆ ಆಗ ಹುಟ್ಟುವುದು ಸಹಜವೇ. ಆದರೆ ಆ ಆಸೆಯನ್ನು ಹೊತ್ತು ನಾವು ನೇರವಾಗಿ ಅಂಗಡಿಗೆ ಹೋಗಿ ಡಬ್ಬಿ, ಬುಟ್ಟಿ, ದಿಂಬಿನ ಕವರುಗಳನ್ನು ತಂದುಬಿಡುತ್ತೇವೆ. ಅಳತೆ ನೋಡದೆ ತಂದ ಡಬ್ಬಿ ಕಪಾಟಿನಲ್ಲಿ ಹಿಡಿಸದೆ, ಇರುವ ರಾಶಿಗೆ ಇನ್ನೊಂದು ಸಾಮಾನಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಬೇಡದ್ದನ್ನು ತೆಗೆಯುವುದು, ಶುಚಿ ಮಾಡುವುದು, ಜೋಡಿಸುವುದು, ಅಲಂಕರಿಸುವುದು ಎಂಬ ಕ್ರಮವನ್ನು ಬಿಡದೆ ಪಾಲಿಸಿ, ಕೊಳ್ಳುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ಹೀಗೆ ಮಾಡಿದರೆ ಪಟ್ಟಿಯಲ್ಲಿದ್ದ ಅರ್ಧದಷ್ಟು ವಸ್ತುಗಳು ಬೇಕಾಗಿಯೇ ಇರಲಿಲ್ಲವೆಂಬುದು ನಡುದಾರಿಯಲ್ಲೇ ತಿಳಿದುಬರುತ್ತದೆ.

ಒಂದು ಡ್ರಾಯರಿನಿಂದ ಆರಂಭ

ಇಡೀ ಮನೆಯನ್ನು ಒಂದೇ ದಿನದಲ್ಲಿ ಹೊರಗೆ ಹರವಿಕೊಂಡರೆ ಸಂಜೆಯ ಹೊತ್ತಿಗೆ ಕೈಸೋತು, ಎಲ್ಲವೂ ಬಂದ ದಾರಿಯಲ್ಲೇ ಒಳಗೆ ಹೋಗುತ್ತವೆ. ಮನೆಮಂದಿಯೆಲ್ಲ ಕೈಗೆ ಸಿಕ್ಕಿದ್ದನ್ನು ಹಾಕುವ ಒಂದು ಡ್ರಾಯರನ್ನು ಮೊದಲು ಆರಿಸಿಕೊಳ್ಳಿ. ನೆಲದ ಮೇಲೆ ಹಳೆಯ ಬಟ್ಟೆ ಹಾಸಿ, ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ಮೇಲೆ ಕವುಚಿ ಹಾಕಿ. ಒಣಗಿದ ಪೆನ್ನುಗಳು, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಬೀಗದ ಕೈಗಳು, ಕೈಬಿಟ್ಟ ಫೋನಿನ ಚಾರ್ಜರುಗಳು, ಜಿಗುಟಾದ ರಬ್ಬರ್ ಬ್ಯಾಂಡುಗಳು ಒಂದೊಂದಾಗಿ ಹೊರಬೀಳುತ್ತವೆ. ಪ್ರತಿ ಪೆನ್ನನ್ನೂ ಕಾಗದದ ಮೇಲೆ ಗೀಚಿ ನೋಡಿ. ಬರೆಯದಿದ್ದರೆ ಅದಕ್ಕೆ ಇನ್ನೊಂದು ಅವಕಾಶ ಬೇಡ. ಚಾರ್ಜರಿನ ತಂತಿಗೆ ಸಣ್ಣ ಕಾಗದದ ಚೀಟಿ ಅಂಟಿಸಿ, ಅದು ಯಾವ ಉಪಕರಣದ್ದೆಂದು ಬರೆಯಿರಿ. ಬರೆಯಲು ಹೆಸರೇ ಹೊಳೆಯದ ತಂತಿ ಇ-ತ್ಯಾಜ್ಯಕ್ಕೆ ಹೋಗಲಿ. ಬಳಸದ ಟಾರ್ಚು, ರಿಮೋಟುಗಳೊಳಗಿನ ಬ್ಯಾಟರಿಗಳನ್ನು ತೆಗೆದಿಡಬೇಕು, ಏಕೆಂದರೆ ಅವು ಸೋರಿದರೆ ಉಪಕರಣವೇ ಹಾಳಾಗುತ್ತದೆ. ಗುಂಡಿಯಾಕಾರದ ಪುಟ್ಟ ಬ್ಯಾಟರಿಗಳ ವಿಷಯದಲ್ಲಂತೂ ಸ್ವಲ್ಪವೂ ಅಲಕ್ಷ್ಯ ಸಲ್ಲದು. ಮಕ್ಕಳು ನುಂಗಿದರೆ ಅವು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲವು. ಆದ್ದರಿಂದ ಎರಡೂ ಬದಿಗೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದ ಕಡೆ ಇಟ್ಟು, ತ್ಯಾಜ್ಯ ಸಂಗ್ರಹಕ್ಕೆ ಪ್ರತ್ಯೇಕವಾಗಿ ಕೊಡಿ.

ಈ ಒಂದು ಡ್ರಾಯರಿಗೆ ಅರ್ಧ ಗಂಟೆ ಸಾಕು. ಮರುದಿನ ಒಂದು ಕಪಾಟು, ಅದರ ಮರುದಿನ ಇನ್ನೊಂದು ಎಂದು ಹಂಚಿಕೊಂಡರೆ, ಎರಡು ವಾರದಲ್ಲಿ ಮನೆಯ ಬಹುಭಾಗ ಹಗುರಾಗಿರುತ್ತದೆ. ಬಿಡಲೂ ಆಗದ, ಇಡಲೂ ಆಗದ ವಸ್ತುಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಅದರ ಮೇಲೆ ಆ ದಿನದ ತಾರೀಕು ಬರೆದಿಡಿ. ಆರು ತಿಂಗಳವರೆಗೆ ಯಾರೂ ಆ ಪೆಟ್ಟಿಗೆ ತೆರೆಯದಿದ್ದರೆ ಒಳಗಿನದನ್ನು ಬೇಕಾದವರಿಗೆ ಕೊಟ್ಟುಬಿಡಬಹುದು. ಹಿರಿಯರ ಪತ್ರ, ಮಕ್ಕಳ ಚಿತ್ರಗಳಂಥವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ; ಅವುಗಳಿಗೆ ಬೇರೆಯೇ ಜಾಗ ಬೇಕು, ಬೇರೆಯೇ ಮನಸ್ಥಿತಿಯೂ ಬೇಕು.

ಬಟ್ಟೆಯ ಬೀರುವಿಗೆ ಒಂದು ಸುಲಭ ಉಪಾಯವಿದೆ. ಎಲ್ಲ ಹ್ಯಾಂಗರುಗಳ ಕೊಕ್ಕೆಯನ್ನೂ ಹಿಮ್ಮುಖವಾಗಿ ತೂಗುಹಾಕಿ, ಉಟ್ಟು ಒಗೆದು ಮತ್ತೆ ಇಡುವಾಗ ಮಾತ್ರ ಸರಿಯಾದ ದಿಕ್ಕಿಗೆ ತಿರುಗಿಸಿ. ಋತು ಮುಗಿದಾಗ ಹಿಮ್ಮುಖವಾಗಿಯೇ ಉಳಿದವು ಯಾವುವೆಂದು ಒಂದು ನೋಟಕ್ಕೆ ಕಾಣುತ್ತದೆ. ಉಣ್ಣೆಯ ಬಟ್ಟೆಗಳನ್ನು ಒಳಗಿಡುವ ಮುನ್ನ ಒಗೆದು, ತೇವದ ಸುಳಿವೂ ಇಲ್ಲದಂತೆ ಒಣಗಿಸಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿಡಬೇಕು. ಬಟ್ಟೆಹುಳುವಿನ ಮರಿಗಳು ತಿನ್ನುವುದು ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು. ಬೆವರಿನ, ಆಹಾರದ ಕಲೆಯಿದ್ದ ಕಡೆ ಅವು ಇನ್ನೂ ಬೇಗ ಮುತ್ತುತ್ತವೆ. ನುಸಿಗುಳಿಗೆ ಬಳಸುವುದಾದರೆ ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಬಳಸಿ; ಅದರ ಆವಿ ಉಸಿರಿಗೆ ಒಳ್ಳೆಯದಲ್ಲ, ಮಕ್ಕಳು ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ.

ಮೇಲಿನಿಂದ ಕೆಳಕ್ಕೆ, ಒಣಗಿದ್ದು ಮೊದಲು

ಧೂಳು ಕೆಳಕ್ಕೆ ಬೀಳುವುದರಿಂದ ಕೆಲಸವೂ ಸೂರಿನಿಂದ ಆರಂಭವಾಗಿ ನೆಲದಲ್ಲಿ ಮುಗಿಯಬೇಕು. ಮೊದಲು ಪರದೆಗಳನ್ನು ಇಳಿಸಿ ಒಗೆಯಲು ಹಾಕಿ, ನಂತರ ಸೂರಿನ ಮೂಲೆಗಳ ಬಲೆ ತೆಗೆಯಿರಿ. ಫ್ಯಾನನ್ನು ಒರೆಸಲು ಹಳೆಯ ದಿಂಬಿನ ಕವರು ಸಾಕು: ಫ್ಯಾನಿನ ಸ್ವಿಚ್ಚು ಆರಿಸಿ, ಗಟ್ಟಿಯಾದ ಏಣಿ ಹತ್ತಿ, ಕವರನ್ನು ರೆಕ್ಕೆಗೆ ಗವಸಿನಂತೆ ತೊಡಿಸಿ, ಎರಡೂ ಬದಿಯಿಂದ ಒತ್ತಿ ಹಿಡಿದು ನಿಧಾನವಾಗಿ ಎಳೆದರೆ, ಕಪ್ಪು ಧೂಳಿನ ಪದರವೆಲ್ಲ ಹಾಸಿಗೆಯ ಮೇಲೆ ಉದುರದೆ ಕವರಿನೊಳಗೇ ಉಳಿಯುತ್ತದೆ. ಒಣ ಧೂಳನ್ನು ಪೂರ್ತಿ ತೆಗೆದ ಮೇಲೆಯೇ ಒದ್ದೆ ಬಟ್ಟೆ ಹಿಡಿಯಬೇಕು, ಇಲ್ಲದಿದ್ದರೆ ಧೂಳು ಕೆಸರಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಾಸಿಗೆಯ ಹೊದಿಕೆ, ದಿಂಬಿನ ಕವರುಗಳನ್ನು, ಬಟ್ಟೆ ತಡೆಯುವುದಾದರೆ, 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಧೂಳಿನ ನುಸಿಗಳು ಸಾಯುತ್ತವೆ.

ಕಿಟಕಿ, ಕನ್ನಡಿಗಳಿಗೆ ನೀರು ಮತ್ತು ಬಿಳಿ ವಿನೆಗರನ್ನು ಸಮ ಪ್ರಮಾಣದಲ್ಲಿ ಬೆರೆಸಿ ಬಳಸಬಹುದು. ನೆತ್ತಿಯ ಬಿಸಿಲಿನಲ್ಲಿ ಒರೆಸಿದರೆ ಬೇಗ ಒಣಗಿ ಗೆರೆಗಳು ಉಳಿಯುವುದರಿಂದ ನೆರಳಿರುವ ಹೊತ್ತನ್ನು ಆರಿಸಿಕೊಳ್ಳಿ. ಅಮೃತಶಿಲೆಯ ಮೇಲೆ ಮಾತ್ರ ವಿನೆಗರ್ ತಾಗಿಸಬೇಡಿ. ಆ ಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಆಮ್ಲ ಅದನ್ನು ಕೊರೆದು ಹೊಳಪು ಕೆಡಿಸುತ್ತದೆ. ಬ್ಲೀಚಿನೊಂದಿಗೆ ವಿನೆಗರ್ ಬೆರೆತರೆ ಕ್ಲೋರಿನ್ ಅನಿಲವೂ, ಅಮೋನಿಯಾ ಬೆರೆತರೆ ಕ್ಲೋರಮೀನ್ ಅನಿಲಗಳೂ ಹುಟ್ಟುತ್ತವೆ, ಎರಡೂ ವಿಷಕಾರಿ. ಎರಡು ದ್ರಾವಣ ಸೇರಿದರೆ ಇಮ್ಮಡಿ ಶುಚಿಯಾಗುತ್ತದೆಂಬ ನಂಬಿಕೆ ಹಲವರಲ್ಲಿದೆ, ಅದನ್ನು ಇಂದೇ ಬಿಟ್ಟುಬಿಡಿ.

ಜೋಡಣೆ

ಈಗ ಅಳತೆ ಟೇಪು ಹಿಡಿಯುವ ಸಮಯ. ಪ್ರತಿ ಕಪಾಟಿನ ಅಗಲ, ಎತ್ತರ, ಆಳಗಳನ್ನು ಬರೆದುಕೊಂಡು, ಮನೆಯಲ್ಲಿರುವ ಬೂಟಿನ ಪೆಟ್ಟಿಗೆ, ಗಾಜಿನ ಜಾಡಿ, ತವರದ ಡಬ್ಬಿಗಳಲ್ಲಿ ಯಾವುದು ಎಲ್ಲಿ ಕೂರುತ್ತದೆಂದು ನೋಡಿ. ಬೂಟಿನ ಪೆಟ್ಟಿಗೆಗೆ ಉಳಿದ ಬಟ್ಟೆಯ ತುಂಡನ್ನೋ ಉಡುಗೊರೆಯ ಕಾಗದವನ್ನೋ ಅಂಟಿಸಿದರೆ ಡ್ರಾಯರಿನೊಳಗಿನ ವಿಭಾಗಗಳಾಗಿ ಚೆನ್ನಾಗಿ ಒದಗುತ್ತದೆ; ತೇವವಿರುವ ಜಾಗದಲ್ಲಿ ಮಾತ್ರ ರಟ್ಟು ಬೇಡ, ಅಲ್ಲಿ ಬೂಷ್ಟು ಹಿಡಿಯುತ್ತದೆ. ದಿನವೂ ಬೇಕಾಗುವುದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಭಾರವಾದದ್ದು ಕೆಳಗೆ, ಅಪರೂಪದ್ದು ಮೇಲೆ ಇರಬೇಕು. ಒಳ ಅಂಗಿ, ಟವೆಲುಗಳನ್ನು ಒಂದರ ಮೇಲೊಂದು ಪೇರಿಸುವ ಬದಲು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿದರೆ ಒಂದನ್ನು ತೆಗೆಯುವಾಗ ಉಳಿದವು ಕುಸಿಯುವುದಿಲ್ಲ. ಎತ್ತರದ ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯುವುದನ್ನು ಮರೆಯಬೇಡಿ, ಮಕ್ಕಳು ಹತ್ತಲು ನೋಡಿದರೆ ಅದು ಮುಂದಕ್ಕೆ ಉರುಳಬಹುದು.

ಬೆಳಕು, ಬಣ್ಣ, ಹಸಿರು

ಖಾಲಿಯಾದ ಮನೆಗೆ ಮೊದಲ ಅಲಂಕಾರ ಹಗಲಿನ ಬೆಳಕೇ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ 10ರಿಂದ 15 ಸೆಂಟಿಮೀಟರ್ ಮೇಲೆ, ಎರಡೂ ಬದಿಗೆ ಅಷ್ಟೇ ಹೊರಚಾಚುವಂತೆ ಹಾಕಿದರೆ, ಸರಿಸಿದ ಪರದೆ ಗಾಜನ್ನು ಮುಚ್ಚದೆ ಗೋಡೆಯ ಮೇಲೆ ನಿಂತು, ಕಿಟಕಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇರುವ ಕನ್ನಡಿಯೊಂದನ್ನು ಕಿಟಕಿಯ ಎದುರಿನ ಅಥವಾ ಪಕ್ಕದ ಗೋಡೆಗೆ ತಂದರೆ ಮಬ್ಬು ಕೋಣೆಗೂ ಕಳೆ ಬರುತ್ತದೆ. ರಾತ್ರಿಯ ಬೆಳಕಿಗೆ ಸುಮಾರು 2700ರಿಂದ 3000 ಕೆಲ್ವಿನ್ ಎಂದು ನಮೂದಿಸಿರುವ ಎಲ್‌ಇಡಿ ಬಲ್ಬುಗಳು ಹೊಂಬಣ್ಣದ ಹಿತವಾದ ಬೆಳಕು ಕೊಡುತ್ತವೆ; ಹಳೆಯ 60 ವಾಟ್ ಬಲ್ಬಿನಷ್ಟೇ ಬೆಳಕಿಗೆ ಇವುಗಳಲ್ಲಿ ಸುಮಾರು 9 ವಾಟ್ ಸಾಕು. ಒಂದೇ ಕೋಣೆಯಲ್ಲಿ ಬಿಳಿ, ಹಳದಿ ಬೆಳಕುಗಳನ್ನು ಬೆರೆಸಿದರೆ ಎಷ್ಟು ಅಂದವಾಗಿ ಜೋಡಿಸಿದರೂ ಕೋಣೆ ಒಡೆದಂತೆ ಕಾಣುತ್ತದೆ.

ಇಡೀ ಮನೆಗೆ ಬಣ್ಣ ಬಳಿಯುವ ಶಕ್ತಿಯಿಲ್ಲದಿದ್ದರೆ ಒಂದೇ ಗೋಡೆ ಆರಿಸಿಕೊಳ್ಳಿ. ಒಂದು ಲೀಟರ್ ಬಣ್ಣ ನಯವಾದ ಗೋಡೆಗೆ ಒಂದು ಪದರದಲ್ಲಿ ಸುಮಾರು 10ರಿಂದ 12 ಚದರ ಮೀಟರಿಗೆ ಬರುತ್ತದೆ. 4 ಮೀಟರ್ ಉದ್ದ, 2.75 ಮೀಟರ್ ಎತ್ತರದ ಗೋಡೆ 11 ಚದರ ಮೀಟರ್ ಆಗುವುದರಿಂದ ಎರಡು ಪದರಕ್ಕೆ ಸರಿಸುಮಾರು 2 ಲೀಟರ್ ಬೇಕು. ಮೊದಲು ರಟ್ಟಿನ ಮೇಲೆ ಬಳಿದು, ಆ ರಟ್ಟನ್ನು ಗೋಡೆಗೆ ಆನಿಸಿ ಬೆಳಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ ನಿರ್ಧರಿಸಿ. ಬಹಳ ಹಳೆಯ ಮನೆಯಾಗಿದ್ದರೆ ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ, ಅದನ್ನು ಒಣದಾಗಿ ಉಜ್ಜಿ ಪುಡಿ ಎಬ್ಬಿಸಬಾರದು.

ಚಿತ್ರಗಳನ್ನು ನಾವು ಸಾಮಾನ್ಯವಾಗಿ ತೀರ ಎತ್ತರಕ್ಕೆ ತೂಗುಹಾಕುತ್ತೇವೆ. ಚೌಕಟ್ಟಿನ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸರಿಹೊಂದುತ್ತದೆ. ಹಲವು ಚಿತ್ರಗಳಿದ್ದರೆ ಅವುಗಳ ಅಳತೆಗೆ ಹಳೆಯ ಪತ್ರಿಕೆ ಕತ್ತರಿಸಿ, ಟೇಪಿನಿಂದ ಗೋಡೆಗೆ ಅಂಟಿಸಿ, ಎರಡು ದಿನ ನೋಡಿ ತೃಪ್ತಿಯಾದ ಮೇಲೆ ಮೊಳೆ ಹೊಡೆಯಿರಿ.

ಹಸಿರಿಗೂ ದುಡ್ಡು ಬೇಕಿಲ್ಲ. ಪರಿಚಯದವರ ಮನೆಯ ಮನಿಪ್ಲಾಂಟಿನಿಂದ ಒಂದು ತುಂಡನ್ನು, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ ತನ್ನಿ. ಗೆಣ್ಣು ನೀರಿನೊಳಗೆ, ಎಲೆ ನೀರಿನ ಮೇಲೆ ಇರುವಂತೆ ಗಾಜಿನ ಜಾಡಿಯಲ್ಲಿ ನಿಲ್ಲಿಸಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಟ್ಟು, ವಾರಕ್ಕೊಮ್ಮೆ ನೀರು ಬದಲಿಸಿ. ಗೆಣ್ಣಿನ ಕಂದು ಮೊಳಕೆಯಿಂದ ಬಿಳಿಯ ಬೇರು ದಾರದಂತೆ ಇಳಿಯುವುದು ಕೆಲವೇ ವಾರಗಳಲ್ಲಿ ಗಾಜಿನ ಹೊರಗಿನಿಂದಲೇ ಕಾಣುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಜಾಡಿಯನ್ನು ಎತ್ತರದಲ್ಲಿಡಿ, ಆ ಎಲೆ ಅಗಿದರೆ ಅವುಗಳ ಬಾಯಿ ಉರಿದು ವಾಂತಿಯಾಗುತ್ತದೆ.

ಇಷ್ಟಾದ ಮೇಲೆ ಇನ್ನೂ ಏನಾದರೂ ಬೇಕೆನ್ನಿಸಿದರೆ ಅದನ್ನು ಅಳತೆಯ ಸಮೇತ ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಎರಡು ವಾರ ಕಳೆದ ಮೇಲೂ ಅದರ ಕೊರತೆ ದಿನವೂ ಕಾಣುತ್ತಿದ್ದರೆ, ಆ ಚೀಟಿ ಹಿಡಿದು ಅಂಗಡಿಗೆ ಹೋಗಿ, ಅದೊಂದನ್ನೇ ತನ್ನಿ.